ಏರ್‌ಫಿಕ್ಸ್‌ನ ಹಳೇ ಟೈಗರ್ ಮಾಥ್ 1/72: ಸೊಟ್ಟ ರೆಕ್ಕೆ, ಹಳದಿ ಡೆಕಾಲ್, ರಿಗಿಂಗ್. ಯಾವುದು ಮೊದಲು?

ಪೇಟೆಬೀದಿ
ಕಿಟ್: ಏರ್‌ಫಿಕ್ಸ್ ಕಂಪನಿಯ ಜೋಡಿಸೋ ಪ್ಲಾಸ್ಟಿಕ್ ಮಾದರಿ, ಡಿ ಹ್ಯಾವಿಲೆಂಡ್ ಟೈಗರ್ ಮಾಥ್ (ಎರಡು ರೆಕ್ಕೆಯ ತರಬೇತಿ ವಿಮಾನ), 1/72 (ನಿಜದ 72ರಲ್ಲಿ ಒಂದು ಪಾಲು), ಹಳೇ ಅಚ್ಚು. ಚೀಲ ಆಗಲೇ ಒಡೆದಿದೆ, ಹಾಗಾಗಿ "ಮುಟ್ಟಬೇಡಿ, ಸಂಗ್ರಹಕ್ಕಿಡಿ" ಅನ್ನೋ ಸಲಹೆ ದಯವಿಟ್ಟು ಬೇಡ. ಸೇನೆಯ ಬಣ್ಣ ಬೇಡ. 1930ರ ದಶಕದ ಫ್ಲೈಯಿಂಗ್ ಕ್ಲಬ್ ವಿಮಾನ ಮಾಡಬೇಕು, ಬೆಳ್ಳಿ ರೆಕ್ಕೆ, ನೀಲಿ ಒಡಲು.

ಫೋಟೋ ಹಾಕಿದ್ದೀನಿ. ಮೇಲಿನ ರೆಕ್ಕೆ ಒಂದು ತುದಿಯಲ್ಲಿ ಸುಮಾರು 3 ಮಿ.ಮೀ. ಸೊಟ್ಟಗಿದೆ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಅಕ್ಷರ, ಗುರುತು) ಹಾಳೆ ಹಳದಿ ತಿರುಗಿದೆ, ಮೇಲೆ ಕೂದಲೆಳೆಯಂಥ ಬಿರುಕು. ಒಡಲಿನ ಎರಡು ಅರ್ಧ ಜೋಡಿಸಿ ಹಿಡಿದರೆ ಬೆನ್ನಿನ ಮೇಲೆ ಸಂದು ಕಾಣುತ್ತೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಮೇಲಿನ ರೆಕ್ಕೆ ಕೂರಿಸೋಕೆ ಮುಂಚೆ ಬಣ್ಣವೋ, ಕೂರಿಸಿದ ಮೇಲೋ? ರಿಗಿಂಗ್ (ರೆಕ್ಕೆಗಳ ನಡುವಿನ ತಂತಿ) ಯಾವಾಗ?

ಸ್ಪ್ರೂಕತ್ತರಿ
ಗುರು, 2014ರಲ್ಲಿ ಏರ್‌ಫಿಕ್ಸ್‌ನವರೇ ಇದೇ ಅಳತೆಯಲ್ಲಿ ಹೊಸ ಅಚ್ಚು ತಂದಿದ್ದಾರೆ. ಅದನ್ನ ತಗೊಂಡು ಆರಾಮಾಗಿ ಕಟ್ಟು. 1957ರ ಪ್ಲಾಸ್ಟಿಕ್ ಜೊತೆ ಯಾಕೆ ಗುದ್ದಾಟ?

ಎರಡುರೆಕ್ಕೆ
ಕೇಳಿದ್ದು ಒಂದು, ಉತ್ತರ ಇನ್ನೊಂದು. ಹೊಸದು ಚೆನ್ನಾಗಿದೆ, ಯಾರೂ ಇಲ್ಲ ಅನ್ನಲ್ಲ. ಆದರೆ 2 ಶಿಲ್ಲಿಂಗ್ ಚೀಲದ ಕಿಟ್‌ ಕಟ್ಟೋ ಖುಷಿ ಬೇರೆ. ಅವರು ಹಳೇದನ್ನೇ ಕಟ್ಟಲಿ ಬಿಡಿ.

@ಪೇಟೆಬೀದಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕಂದ್ರೆ ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಎರಡು ರೆಕ್ಕೆಯ ವಿಮಾನದಲ್ಲಿ ಮೇಲಿನ ರೆಕ್ಕೆ ಕೂತ ಮೇಲೆ ಒಳಗೆ ಬ್ರಷ್ಷೂ ಹೋಗಲ್ಲ, ಡ್ರಿಲ್ಲೂ ಹೋಗಲ್ಲ. ಹಾಗಾಗಿ ಕ್ರಮ ಹೀಗೆ: ಒಡಲು, ಕೆಳಗಿನ ರೆಕ್ಕೆ, ಬಾಲ ಜೋಡಿಸಿ ಸಂದು ತುಂಬಿ ಉಜ್ಜಿ ಮುಗಿಸಬೇಕು. ಮೇಲಿನ ರೆಕ್ಕೆ ಬೇರೆಯಾಗೇ ಇರಲಿ. ಆಮೇಲೆ ರಿಗಿಂಗ್ ತೂತುಗಳನ್ನೆಲ್ಲ ಕೊರೀಬೇಕು, ಬಣ್ಣಕ್ಕೆ ಮುಂಚೆ. ಆಮೇಲೆ ಬಣ್ಣ, ಡೆಕಾಲ್, ಅದರ ಮೇಲೆ ವಾರ್ನಿಷ್. ಅದಾದ ಮೇಲೆ ಮೇಲಿನ ರೆಕ್ಕೆ. ಕೊನೆಗೆ ತಂತಿ. ಪ್ರೊಪೆಲ್ಲರ್ ಮತ್ತು ವಿಂಡ್‌ಸ್ಕ್ರೀನ್ ತಂತಿಗಿಂತಲೂ ಆಮೇಲೆ, ಕೈ ತಾಗಿ ಮೊದಲು ಮುರಿಯೋದು ಅವೇ.

ತೂತಿಗೆ 0.3 ಮಿ.ಮೀ. ಬಿಟ್, ಪಿನ್ ವೈಸ್‌ನಲ್ಲಿ (ಪುಟ್ಟ ಕೈಡ್ರಿಲ್) ಕೈಯಿಂದಲೇ ತಿರುಗಿಸಿ. ಮೊದಲು ಸೂಜಿ ಮೊನೆಯಿಂದ ಒಂದು ಗುರುತು ಚುಚ್ಚಿ, ಇಲ್ಲದಿದ್ರೆ ಬಿಟ್ ಜಾರಿ ರೆಕ್ಕೆ ಮೇಲೆ ಗೀರು. ಆಳ 0.5 ಮಿ.ಮೀ. ಸಾಕು.

ಕಡಲತಡಿ
ಎಲ್ಲಕ್ಕಿಂತ ಮೊದಲು ತೊಳೀರಿ ಮಾರಾಯ್ರೆ. ಅಚ್ಚಿನಿಂದ ಬಿಡಿಸೋಕೆ ಹಾಕಿದ ಎಣ್ಣೆಯ ಅಂಶ ಪ್ಲಾಸ್ಟಿಕ್ ಮೇಲೆ ಉಳಿದಿರ್ತದೆ. ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಷ್. ಸಿಂಕಿನ ತೂತಿಗೆ ಜರಡಿ ಇಟ್ಟುಕೊಳ್ಳಿ, ಸ್ಟ್ರಟ್ (ರೆಕ್ಕೆಯ ಕಂಬ) ಹೋದ್ರೆ ಹೋಯ್ತು.

ವಾಟರ್‌ಪೇಪರ್1000
ಸೊಟ್ಟ ರೆಕ್ಕೆಗೆ ಬಿಸಿನೀರು. ಕೊತಕೊತ ಕುದಿಯೋದು ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಕುದಿಯೋ ನೀರಿಗೆ ಹಾಕಿದರೆ ತೆಳ್ಳಗಿನ ಅಂಚು ಮೊದಲು ಮೆತ್ತಗಾಗಿ ಅಲೆಅಲೆಯಾಗುತ್ತೆ. 70-80 ಡಿಗ್ರಿ ಇರಲಿ. 20-30 ಸೆಕೆಂಡ್ ಅದ್ದಿ ತೆಗೆದು, ಸೊಟ್ಟ ಇರೋ ದಿಕ್ಕಿಗೆ ಎದುರಾಗಿ ಸ್ವಲ್ಪ ಹೆಚ್ಚೇ ಬಗ್ಗಿಸಿ ಹಿಡಿದು ತಣ್ಣೀರಿಗೆ ಅದ್ದಿ. ಒಂದೇ ಸಲಕ್ಕೆ ಸರಿ ಮಾಡೋಕೆ ಹೋಗಬೇಡಿ. ಎರಡು ಮೂರು ಸಲ, ಸ್ವಲ್ಪ ಸ್ವಲ್ಪವೇ.

ಸಂದಿಗೆ: ಆಟೋ ಪೇಂಟ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ನಡೆಯುತ್ತೆ. ಆದರೆ ಅದರೊಳಗಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಕರಗಿಸುತ್ತೆ, ದಪ್ಪಗೆ ಮೆತ್ತಿದರೆ ಒಡಲೇ ಒಳಗೆ ಕುಸಿಯುತ್ತೆ. ಅರ್ಧ ಮಿ.ಮೀ. ಮೀರದ ಪದರ, ಒಂದು ದಿನ ಒಣಗಲು ಬಿಡಿ, ಅದು ಇಳಿಯುತ್ತೆ, ಮತ್ತೊಂದು ಪದರ. ಕೊನೆಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಕಾಗದ) 400, 800, 1000, ಇದೇ ಕ್ರಮದಲ್ಲಿ.

ಧಾರವಾಡಪೇಡೆ
ಎನ್‌ಸಿ ಪುಟ್ಟಿ ಯಾಕ್ರೀ? ಇಷ್ಟು ಸಣ್ಣ ಸಂದಿಗೆ ಫೆವಿಕ್ವಿಕ್ ಮತ್ತ ಟಾಲ್ಕಮ್ ಪೌಡರ್ ಕಲಸಿ ಹಚ್ಚ್ರಿ. ಇಳಿಯಂಗಿಲ್ಲ, ಕರಗಸಂಗಿಲ್ಲ. ಒಂದ ಮಾತು ನೆನಪಿಡ್ರಿ, ಒಂದು ತಾಸಿನ್ಯಾಗ ಉಜ್ಜಿ ಮುಗಸಬೇಕು. ಮರುದಿನಕ್ಕ ಬಿಟ್ರ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ ಆಗತೈತಿ, ಉಜ್ಜಿದಷ್ಟೂ ಅಕ್ಕಪಕ್ಕದ ಪ್ಲಾಸ್ಟಿಕ್ ಸವೀತೈತಿ ಹೊರತು ಅದು ಸವಿಯಂಗಿಲ್ಲ.

ವಾಟರ್‌ಪೇಪರ್1000
ಒಪ್ಪಿದೆ, ಕೂದಲೆಳೆ ಸಂದಿಗೆ ನಿಮ್ಮದೇ ಸರಿ. ದೊಡ್ಡ ಸಂದಿಗೆ ಮೂರನೇ ದಾರಿಯೂ ಇದೆ. ಇದೇ ಕಿಟ್‌ನ ಸ್ಪ್ರೂ (ಭಾಗಗಳು ಅಂಟಿಕೊಂಡು ಬರೋ ಪ್ಲಾಸ್ಟಿಕ್ ಕಡ್ಡಿ) ಚೂರು ಮಾಡಿ ಗಾಜಿನ ಬಾಟ್ಲಿಯಲ್ಲಿ ತೆಳು ಅಂಟಿನೊಳಗೆ ರಾತ್ರಿಯಿಡೀ ನೆನೆಸಿ, ಜೇನಿನಷ್ಟು ಮಂದ ಆಗಬೇಕು. ಒಣಗಿದ ಮೇಲೆ ಅದೂ ಪ್ಲಾಸ್ಟಿಕ್ಕೇ, ಉಜ್ಜಿದರೆ ವ್ಯತ್ಯಾಸವೇ ಗೊತ್ತಾಗಲ್ಲ. ಆದರೆ ಪೂರಾ ಗಟ್ಟಿಯಾಗೋಕೆ ಎರಡು ಮೂರು ದಿನ ಬೇಕು.

ಸುಮ್ನೆಓದೋಳು
ರೆಕ್ಕೆಯ ಹಿಂದಿನ ಅಂಚು ಫೋಟೋದಲ್ಲಿ ತುಂಬ ದಪ್ಪ ಕಾಣ್ತಿದೆ. ಹಾಗೇ ಬಿಡಬಹುದಾ?

ಎರಡುರೆಕ್ಕೆ
ಬಿಡಬೇಡಿ ಮೇಡಂ. ಅಂಚು ಅರ್ಧ ಮಿ.ಮೀ. ದಪ್ಪ ಅಂದ್ರೆ ನಿಜ ವಿಮಾನದಲ್ಲಿ 36 ಮಿ.ಮೀ. ದಪ್ಪದ ಹಲಗೆ! ಕೆಳಗಿನ ಮೈಯಿಂದ ಮಾತ್ರ ಬ್ಲೇಡ್ ಅಡ್ಡ ಹಿಡಿದು ಹೆರೆದು, 400ರಲ್ಲಿ ಉಜ್ಜಿ. ಮೇಲ್ಮೈ ಮುಟ್ಟಿದರೆ ಪಟ್ಟಿಗಳ ಗುರುತು ಹೋಗುತ್ತೆ. ಅಗಲ ಕಮ್ಮಿ ಆಗದ ಹಾಗೆ ನೋಡಿಕೊಳ್ಳಿ.

ಇನ್ನೊಂದು. ಆ ಕಾಲದ ಏರ್‌ಫಿಕ್ಸ್ ಕಿಟ್‌ಗಳಲ್ಲಿ ಡೆಕಾಲ್ ಎಲ್ಲಿ ಅಂಟಿಸಬೇಕು ಅಂತ ಪ್ಲಾಸ್ಟಿಕ್ ಮೇಲೇ ಗೆರೆ ಮೂಡಿಸೋ ಪದ್ಧತಿ ಇತ್ತು. ನಿಮ್ಮ ರೆಕ್ಕೆ ಮೇಲೆ ಅಂಥ ಗೆರೆ ಇದ್ದರೆ ಈಗಲೇ ತೆಗೀರಿ. ಬೆಳ್ಳಿ ಬಣ್ಣ ಏನನ್ನೂ ಮುಚ್ಚಲ್ಲ, ಇದ್ದದ್ದನ್ನ ಎತ್ತಿ ತೋರಿಸುತ್ತೆ.

ಜಕ್ಕೂರುರನ್‌ವೇ
ಅಳತೆ: ನಿಜ ವಿಮಾನದ ರೆಕ್ಕೆಯ ಹರವು 8.94 ಮೀಟರ್, ಉದ್ದ 7.29. 1/72ರಲ್ಲಿ 124 ಮಿ.ಮೀ. ಮತ್ತು 101 ಮಿ.ಮೀ. ಬರಬೇಕು. ಅಂಚು ಉಜ್ಜೋಕೆ ಮುಂಚೆ ಒಮ್ಮೆ ಸ್ಕೇಲ್ ಇಟ್ಟು ನೋಡಿ.

ಆಕಾರದಲ್ಲಿ ಜನ ಎಡವೋದು ಮೂರು ಕಡೆ. ಟೈಗರ್ ಮಾಥ್‌ನ ರೆಕ್ಕೆ ಹಿಂದಕ್ಕೆ ವಾಲಿದೆ. ಮುಂದಿನ ಸೀಟಿನಲ್ಲಿದ್ದ ಬೋಧಕ ಪ್ಯಾರಾಚೂಟ್ ಕಟ್ಟಿಕೊಂಡು ಹಾರೋಕೆ ಜಾಗ ಆಗಲಿ ಅಂತ ಮೇಲಿನ ರೆಕ್ಕೆಯ ನಡುಭಾಗವನ್ನ ಮುಂದಕ್ಕೆ ತಳ್ಳಿದರು, ತೂಕದ ಸಮತೋಲ ತಪ್ಪದಿರಲಿ ಅಂತ ತುದಿಗಳನ್ನ ಹಿಂದಕ್ಕೆ ವಾಲಿಸಿದರು. ಅದನ್ನ ನೇರ ಮಾಡಿದರೆ ಅದು ಟೈಗರ್ ಮಾಥೇ ಅಲ್ಲ. ಎರಡನೇದು, ತುದಿಗಳು ಮೇಲಕ್ಕೇಳೋ ಕೋನ ಕೆಳಗಿನ ರೆಕ್ಕೆಯಲ್ಲಿ ಹೆಚ್ಚು, ಮೇಲಿನದರಲ್ಲಿ ಕಮ್ಮಿ. ಎರಡೂ ಸಮಾನಾಂತರ ಅಲ್ಲ. ಮೂರನೇದು, ಏಲರಾನ್ (ವಿಮಾನವನ್ನ ಪಕ್ಕಕ್ಕೆ ವಾಲಿಸೋ ಹಲಗೆ) ಇರೋದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಮೇಲೂ ಗೆರೆ ಕೊರೆಯೋ ಉತ್ಸಾಹಿಗಳು ಇದ್ದಾರೆ.

ಸ್ಪ್ರೂಕತ್ತರಿ
1932ರಲ್ಲಿ ಜೆಆರ್‌ಡಿ ಟಾಟಾ ಕರಾಚಿಯಿಂದ ಬಾಂಬೆಗೆ ಟಪಾಲು ತಂದಿದ್ದು ಇದರಲ್ಲೇ ಅಲ್ವಾ? ಆ ಬಣ್ಣ ಹೊಡೀರಿ, ನಮ್ಮ ದೇಶದ್ದೂ ಆಗುತ್ತೆ.

ಜಕ್ಕೂರುರನ್‌ವೇ
ಅಲ್ಲ. ಅದು ಪಸ್ ಮಾಥ್. ಒಂದೇ ರೆಕ್ಕೆ, ಅದೂ ಮೇಲೆ, ಮುಚ್ಚಿದ ಕ್ಯಾಬಿನ್. ಅದೇ ಕಂಪನಿ, ವಿಮಾನ ಬೇರೆ. ಡಿ ಹ್ಯಾವಿಲೆಂಡ್‌ನವರು ಎಲ್ಲಕ್ಕೂ ಮಾಥ್ ಅಂತಲೇ ಹೆಸರಿಟ್ಟು ಗೊಂದಲ ಮಾಡಿದ್ದಾರೆ. ಇಲ್ಲಿಯ ಕ್ಲಬ್‌ಗಳಲ್ಲಿ ಮೊದಲು ಬಂದಿದ್ದು ಡಿಎಚ್ 60 ಮಾಥ್, ಅದರ ರೆಕ್ಕೆ ನೇರ. ಟೈಗರ್ ಮಾಥ್ ಅಂದ್ರೆ ಡಿಎಚ್ 82, ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ನೋಂದಣಿ ಅಕ್ಷರ ಹಾಕೋ ಮುಂಚೆ ಆ ವಿಮಾನ ನಿಜಕ್ಕೂ ಡಿಎಚ್ 82 ಹೌದೋ ಅಲ್ಲವೋ ನೋಡಿಕೊಳ್ಳಿ. ವಿಟಿ (ಭಾರತದ ನೋಂದಣಿ ಗುರುತು) ಅಂತ ಶುರುವಾದ ಮಾತ್ರಕ್ಕೆ ಟೈಗರ್ ಅಲ್ಲ.

ಪೇಟೆಬೀದಿ
ಅಯ್ಯೋ, ಇಷ್ಟೊಂದು ಮಾಥ್! ಸರಿ, ಡೆಕಾಲ್ ಕಥೆ ಹೇಳಿ. ಮತ್ತೆ ಬಾಲದ ರೆಕ್ಕೆಯ ಮುಂದೆ ಒಡಲ ಮೇಲೆ ಉದ್ದಕ್ಕೆ ಒಂದು ಪಟ್ಟಿ ಕೆಲವು ಫೋಟೋಗಳಲ್ಲಿದೆ, ಕೆಲವದರಲ್ಲಿಲ್ಲ. ಹಾಕಬೇಕಾ?

ಜಕ್ಕೂರುರನ್‌ವೇ
ಬೇಡ. ಅದು ಸ್ಪಿನ್‌ನಿಂದ (ಗಿರಕಿ ಹೊಡೀತಾ ಬೀಳೋದು) ಹೊರಬರಲು ನೆರವಾಗಲಿ ಅಂತ ಯುದ್ಧಕಾಲದಲ್ಲಿ ಸೇರಿಸಿದ್ದು. ನಿಮ್ಮದು 1930ರ ದಶಕದ ವಿಮಾನ, ಹಾಗಾಗಿ ಇರಬಾರದು. ಯುದ್ಧದ ನಂತರ ಸೇನೆಯಿಂದ ಕ್ಲಬ್‌ಗಳಿಗೆ ಬಂದವುಗಳಲ್ಲಿ ಕೆಲವಕ್ಕೆ ಉಂಟು, ಕೆಲವಕ್ಕೆ ತೆಗೆದಿದ್ದಾರೆ. ಮೇಲಿನ ರೆಕ್ಕೆಯ ಮುಂದಿನ ಅಂಚಿನಲ್ಲಿರೋ ಸ್ಲ್ಯಾಟ್ (ತೆರೆದುಕೊಳ್ಳೋ ಪಟ್ಟಿ) ಕೂಡ ಹಾಗೇ, ಎಷ್ಟೋ ಸಿವಿಲ್ ವಿಮಾನಗಳಿಗೆ ಇಲ್ಲ. ಒಂದು ವಿಮಾನ ಆರಿಸಿ, ಅದೇ ವರ್ಷದ ಫೋಟೋ ಎದುರಿಗಿಟ್ಟುಕೊಂಡು ಕಟ್ಟಿ. ಬಾಲದಡಿಯಲ್ಲಿ ಚಕ್ರ ಅಲ್ಲ, ಸ್ಕಿಡ್ (ನೆಲಕ್ಕೆ ಉಜ್ಜೋ ಊರೆ).

ಅಂಟುಬಾಟ್ಲಿ
ಡೆಕಾಲ್. ಹಳದಿ ಹೋಗಬೇಕಂದ್ರೆ ಹಾಳೆಯನ್ನ ಜಿಪ್ ಕವರ್‌ಗೆ ಹಾಕಿ, ಮುದ್ರಣದ ಮುಖ ಹೊರಗೆ ಬರೋ ಹಾಗೆ ಕಿಟಕಿ ಗಾಜಿಗೆ ಅಂಟಿಸಿ. ನಮ್ಮ ಬಿಸಿಲಿಗೆ ನಾಲ್ಕೈದು ದಿನ ಸಾಕು, ದಿನಾ ನೋಡ್ತಿರಿ. ಉತ್ತರ ಕರ್ನಾಟಕದ ಏಪ್ರಿಲ್ ಬಿಸಿಲಾದ್ರೆ ಮಧ್ಯಾಹ್ನ ತೆಗೆದುಬಿಡಿ, ಹಾಳೆ ಸುರುಳಿ ಸುತ್ತುತ್ತೆ.

ಬಿರುಕು ಬೇರೆ ಕಾಯಿಲೆ. ಬೇಡದ ಒಂದು ಚಿಕ್ಕ ಡೆಕಾಲ್ ಕತ್ತರಿಸಿ ನೀರಿಗೆ ಹಾಕಿ ನೋಡಿ. ಚೂರುಚೂರಾದ್ರೆ ಇಡೀ ಹಾಳೆ ಮೇಲೆ ಹೊಳಪಿನ ಕ್ಲಿಯರ್ ಲ್ಯಾಕರ್ ಎರಡು ತೆಳು ಪದರ ಸ್ಪ್ರೇ ಮಾಡಿ, ಒಂದು ದಿನ ಒಣಗಿಸಿ. ಇದಕ್ಕೇ ಅಂತ ಮೈಕ್ರೋಸ್ಕೇಲ್‌ನ ಲಿಕ್ವಿಡ್ ಡೆಕಾಲ್ ಫಿಲ್ಮ್ ಕೂಡ ಸಿಗುತ್ತೆ. ಹೀಗೆ ಮಾಡಿದ ಮೇಲೆ ಇಡೀ ಹಾಳೆಯೇ ಒಂದು ಡೆಕಾಲ್ ಆಗಿಬಿಡುತ್ತೆ, ಆದ್ದರಿಂದ ಒಂದೊಂದನ್ನೂ ಅಂಚಿಗೆ ಒತ್ತಿ ಕತ್ತರಿಸಲೇಬೇಕು. ಬೆಚ್ಚಗಿನ ನೀರಲ್ಲಿ 15-20 ಸೆಕೆಂಡ್ ಅದ್ದಿ, ಹೊರಗಿಟ್ಟು ಒಂದು ನಿಮಿಷ ಕಾದು, ಜಾರಿಸಿ. ನೀರಲ್ಲೇ ತೇಲಿಸಿದರೆ ಅಂಟೆಲ್ಲ ತೊಳೆದುಹೋಗುತ್ತೆ.

ಧಾರವಾಡಪೇಡೆ
ಆದ್ರ ಅವರಿಗೆ ಬೇಕಾಗಿದ್ದು ಬ್ಯಾರೆ ವಿಮಾನದ ಅಕ್ಷರ ಅಲ್ರೀ. ಹಳೇ ಹಾಳಿ ಉಳಿಸಿಕೊಂಡು ಏನ್ ಮಾಡ್ತಾರ?

ಅಂಟುಬಾಟ್ಲಿ
ಅದೂ ಸರಿ ಅನ್ನಿ. ಕಪ್ಪು ಅಕ್ಷರ ಆದ್ರೆ ಲೇಸರ್ ಪ್ರಿಂಟರ್‌ಗೆ ಪಾರದರ್ಶಕ ಡೆಕಾಲ್ ಪೇಪರ್ ಹಾಕಿ ತೆಗೀಬಹುದು, ಬೆಳ್ಳಿ ರೆಕ್ಕೆ ಮೇಲೆ ಚೆನ್ನಾಗೇ ಕೂರುತ್ತೆ. ನೀಲಿ ಒಡಲಿನ ಮೇಲೆ ಬಿಳಿ ಅಥವಾ ಬೆಳ್ಳಿ ಅಕ್ಷರ ಬೇಕಾದ್ರೆ ಮನೆಯ ಪ್ರಿಂಟರ್‌ನಿಂದ ಆಗಲ್ಲ, ಅದರಲ್ಲಿ ಬಿಳಿ ಇಂಕೇ ಇರಲ್ಲ. ಆಗ ಉಲ್ಟಾ ಕೆಲಸ: ಒಡಲಿಗೆ ಮೊದಲು ಬೆಳ್ಳಿ ಹೊಡೆದು, ಮಾಸ್ಕಿಂಗ್ ಟೇಪ್‌ನಲ್ಲಿ ಅಕ್ಷರ ಕತ್ತರಿಸಿ ಅಂಟಿಸಿ, ಮೇಲೆ ನೀಲಿ ಹೊಡೆದು, ಟೇಪ್ ಕಿತ್ತರೆ ಬೆಳ್ಳಿ ಅಕ್ಷರ. ಪೇಂಟ್ ಅಂಗಡಿಯ ಟೇಪ್ ಆದ್ರೆ ಅಂಟು ಜಾಸ್ತಿ. ಒಮ್ಮೆ ಅಂಗೈಗೆ ಅಂಟಿಸಿ ಕಿತ್ತು ಬಳಸಿ, ಅಂಚನ್ನ ಹೊಸ ಬ್ಲೇಡಿನಿಂದ ಕತ್ತರಿಸಿಕೊಳ್ಳಿ.

ಸ್ಪ್ರೂಕತ್ತರಿ
ಬೆಳ್ಳಿ ಹೊಡೆಯೋಕೆ ಮುಂಚೆ ಕೆಳಗೆ ಹೊಳಪಿನ ಕಪ್ಪು ಪ್ರೈಮರ್ ಮರೀಬೇಡಿ. ಇಲ್ಲದಿದ್ರೆ ಲೋಹದ ಹೊಳಪು ಬರಲ್ಲ.

ಎರಡುರೆಕ್ಕೆ
ತಪ್ಪು. ಲೋಹದ ಹೊಳಪು ಬರಲೇಬಾರದು. ಅದು ಬಟ್ಟೆ ಹೊದಿಸಿದ ರೆಕ್ಕೆ, ಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಡೋಪ್ (ಬಟ್ಟೆ ಬಿಗಿಸೋ ಲೇಪ) ಬಳಿದಿರ್ತಾರೆ. ಕನ್ನಡಿಯಂತೆ ಮಿಂಚಿದರೆ ಆಟಿಕೆ ಥರ ಕಾಣುತ್ತೆ. ಬೂದು ಪ್ರೈಮರ್, ಅದರ ಮೇಲೆ ಸಾದಾ ಬೆಳ್ಳಿ, ಕೊನೆಗೆ ಅರೆಹೊಳಪಿನ ವಾರ್ನಿಷ್. ಕಪ್ಪು ತಳ ಬೇಕಾಗೋದು ಬಣ್ಣವಿಲ್ಲದ ಲೋಹದ ವಿಮಾನಕ್ಕೆ.

ಕಡಲತಡಿ
ಮಂಗಳೂರು, ಉಡುಪಿ, ಶಿರಸಿ ಕಡೆಯವರಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದ್ರೆ ಮೇಲೆ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಕಟ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಬಣ್ಣಕ್ಕೆ ಇಳೀತದೆ, ಅದಕ್ಕೆ. ನಿಧಾನಕ್ಕೆ ಆರುವ ರಿಟಾರ್ಡರ್ ಸ್ವಲ್ಪ ಬೆರೆಸಿ, ಇಲ್ಲವಾದ್ರೆ ಬಿಸಿಲು ಬಿದ್ದ ದಿನ ಹೊಡೀರಿ. ಬೆಳ್ಳಗಾದ ಮೇಲೂ ಬರೀ ಥಿನ್ನರ್ ತೆಳುವಾಗಿ ಸ್ಪ್ರೇ ಮಾಡಿದ್ರೆ ಎಷ್ಟೋ ಸಲ ಸರಿಹೋಗ್ತದೆ.

ಪೇಟೆಬೀದಿ
ಇನ್ನು ಮೇಲಿನ ರೆಕ್ಕೆ. ನಡುವೆ ನಾಲ್ಕು ಕಂಬ, ಎರಡೂ ಕಡೆ ಎರಡೆರಡು. ಎಂಟೂ ಒಟ್ಟಿಗೆ ತೂತಿಗೆ ಕೂರೋ ಹಾಗೆ ಹಿಡಿಯೋಕೆ ಮೂರನೇ ಕೈ ಬೇಕು.

ಎರಡುರೆಕ್ಕೆ
ಎಂಟನ್ನೂ ಒಟ್ಟಿಗೆ ಕೂರಿಸೋಕೆ ಹೋಗೋದೇ ತಪ್ಪು. ವಿಮಾನವನ್ನ ತಲೆಕೆಳಗು ಮಾಡಿ.

ಮೇಲಿನ ರೆಕ್ಕೆಯನ್ನ ಬೆನ್ನಡಿಯಾಗಿ ಥರ್ಮಾಕೋಲ್ ಅಥವಾ ಫೋಮ್ ಬೋರ್ಡ್ ಮೇಲೆ ಇಡಿ. ತುದಿಗಳು ಮೇಲಕ್ಕೇಳೋ ರೆಕ್ಕೆ ತಾನೇ, ಮಗುಚಿದಾಗ ತುದಿ ಬೋರ್ಡಿಗೆ ತಾಗಿ ನಡುಭಾಗ ಎದ್ದಿರುತ್ತೆ. ಅದರಡಿಗೆ ಕಾರ್ಡ್ ಚೂರು ಕೊಟ್ಟು ಅಲುಗದ ಹಾಗೆ ಮಾಡಿ. ಬೋರ್ಡ್ ಮೇಲೆ ಪೆನ್ಸಿಲ್‌ನಲ್ಲಿ ನಡುಗೆರೆ ಎಳೆದಿರಬೇಕು, ಒಡಲು ಆ ಗೆರೆಗೆ ನೇರ ಬರಬೇಕು. ಮೊದಲು ನಡುವಿನ ನಾಲ್ಕು ಕಂಬಗಳನ್ನ ಒಡಲಿಗೆ ಮಾತ್ರ ಅಂಟಿಸಿ, ಟ್ಯೂಬ್ ಅಂಟಿನಿಂದ, ಯಾಕಂದ್ರೆ ಅದು ನಿಧಾನ, ಹತ್ತು ಹದಿನೈದು ನಿಮಿಷ ಅಲುಗಿಸೋಕೆ ಅವಕಾಶ ಕೊಡುತ್ತೆ. ಅಂಟು ಅರೆಗಟ್ಟಿ ಇರುವಾಗಲೇ ಒಡಲನ್ನ ಮಗುಚಿ ರೆಕ್ಕೆಯ ತೂತಿಗೆ ಇಳಿಸಿ. ಎರಡು ಕಡೆ ಲೆಗೋ ಇಟ್ಟಿಗೆ ಅಥವಾ ಬೆಂಕಿಪೊಟ್ಟಣ ಒತ್ತು ಕೊಟ್ಟು ರಾತ್ರಿಯಿಡೀ ಬಿಡಿ. ಹೊರಗಿನ ನಾಲ್ಕು ಕಂಬ ಮರುದಿನ, ಒಂದೊಂದಾಗಿ, ಎರಡು ರೆಕ್ಕೆಯ ನಡುವೆ ಸರಿಸಿ. ಉದ್ದ ಜಾಸ್ತಿಯಾದ್ರೆ ಬುಡ ಸ್ವಲ್ಪ ಉಜ್ಜಿ. ಬಲವಂತ ಮಾಡಿದರೆ ರೆಕ್ಕೆ ಬಾಗುತ್ತೆ, ಆಮೇಲೆ ಅಲ್ಲಿಯ ತಂತಿಗಳೂ ಸಡಿಲ.

ಅಂಟೋ ಜಾಗದಲ್ಲಿ ಬಣ್ಣ ಕೆರೆದಿರಬೇಕು. ಈ ಅಂಟು ಪ್ಲಾಸ್ಟಿಕ್ಕನ್ನ ಕರಗಿಸಿ ಬೆಸೆಯುತ್ತೆ, ಬಣ್ಣವನ್ನಲ್ಲ.

ಪರೀಕ್ಷೆ: ರೆಕ್ಕೆಯ ಎಡತುದಿಯಿಂದ ಬಾಲದ ಕೊನೆಗೆ, ಬಲತುದಿಯಿಂದ ಬಾಲದ ಕೊನೆಗೆ ಡಿವೈಡರ್ ಇಟ್ಟು ಅಳೀರಿ. ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅಂಟು ಆರೋ ಮುಂಚೆ ತಿರುಗಿಸಿ.

ಧಾರವಾಡಪೇಡೆ
ಈಗ ತಂತಿ. ಎಳೆದ ಸ್ಪ್ರೂನ ಬೇಕು, ಬ್ಯಾರೆ ಮಾತಿಲ್ಲ. ಮೇಣದಬತ್ತಿ ಜ್ವಾಲಿಯಿಂದ ಎರಡು ಮೂರು ಸೆಂಟಿಮೀಟರ್ ಮ್ಯಾಲೆ ಸ್ಪ್ರೂ ತಿರುವುಕೋತ ಹಿಡೀರಿ. ಹೊಳಪು ಬಂದು ಜೋಲಿದ ಕೂಡಲೇ ಬೆಂಕಿಯಿಂದ ಆಚೆ ತಂದು ಎಳೀರಿ. ಬೆಂಕಿ ಮ್ಯಾಲನ ಎಳದ್ರ ಹರೀತೈತಿ. ಜಲ್ದಿ ಎಳದ್ರ ಸಣ್ಣ ಎಳಿ, ನಿಧಾನ ಎಳದ್ರ ದಪ್ಪ. 0.1 ಮಿ.ಮೀ. ಆಸುಪಾಸು ಬರೂ ಎಳಿ ಆರಿಸ್ರಿ. ಡಿವೈಡರ್‌ಲೆ ಅಳತಿ ತಗೊಂಡು ಕತ್ತರಿಸಿ, ತುದಿಗೆ ಫೆವಿಕಾಲ್ ಮುಟ್ಟಿಸಿ ಕೂಡಸ್ರಿ. ಜೋಲಿದ್ರ ಹೊತ್ತಿಸಿದ ಊದಿನಕಡ್ಡಿ ತುದಿ ನಾಲ್ಕೈದು ಮಿ.ಮೀ. ದೂರ ಹಿಡೀರಿ, ತಾನ ಬಿಗೀತೈತಿ. ಮುಟ್ಟಿಸಬ್ಯಾಡ್ರಿ, ಮುಟ್ಟಿಸಿದ್ರ ಎರಡು ತುಂಡು.

ಸ್ಪ್ರೂಕತ್ತರಿ
ಹಳೇ ಪ್ಲಾಸ್ಟಿಕ್ಕು, ಹಳೇ ಊದಿನಕಡ್ಡಿ. ಈಗ ಎಲಾಸ್ಟಿಕ್ ದಾರ ಸಿಗುತ್ತೆ ಸಾರ್. ಒಂದು ತುದಿ ಅಂಟಿಸಿ, ಸ್ವಲ್ಪ ಎಳೆದು ಇನ್ನೊಂದು ತುದಿ ಅಂಟಿಸಿದ್ರೆ ಮುಗೀತು. ಬೆರಳು ತಾಗಿದ್ರೂ ಹರಿಯಲ್ಲ, ಧೂಳು ಒರೆಸುವಾಗ ನೆಮ್ಮದಿ.

ಎರಡುರೆಕ್ಕೆ
ಈ ಸಲ ಸ್ಪ್ರೂಕತ್ತರಿ ಪರ. ಎಲಾಸ್ಟಿಕ್‌ಗೆ ಫೆವಿಕ್ವಿಕ್ ಬೇಕು, ಆದರೆ ಬಾಟ್ಲಿಯಿಂದ ನೇರ ಅಲ್ಲ. ಒಂದು ಹನಿ ಗಾಜಿನ ಮೇಲೆ ಹಾಕಿ ಸೂಜಿ ಮೊನೆಯಲ್ಲಿ ಮುಟ್ಟಿಸಿ. ಬೇಡವೇ ಬೇಡ ಅನ್ನೋದು ಮೀನಿನ ಗಾಳದ ನೈಲಾನ್. ಬಿಗಿಯಾಗಿ ಎಳೆದ್ರೆ 1/72ರ ತೆಳು ರೆಕ್ಕೆಯನ್ನೇ ಬಗ್ಗಿಸುತ್ತೆ. ಹೊಲಿಗೆ ದಾರಕ್ಕೆ ನವಿರು ಎಳೆ ಎದ್ದಿರುತ್ತೆ, ಅದೂ ಬೇಡ.

ಧಾರವಾಡಪೇಡೆ
ಖರೇ ವಿಮಾನದಾಗ ತಂತಿ ಗುಂಡಗಿರಂಗಿಲ್ಲ, ಚಪ್ಪಟಿ ಉಕ್ಕಿನ ಪಟ್ಟಿ. ಎಳೆದ ಸ್ಪ್ರೂ ಆದ್ರ ಬೇಕಾದ್ರ ಚಮಚದ ಹಿಂಬದಿಲೆ ತೀಡಿ ಚಪ್ಪಟಿ ಮಾಡಬಹುದು. ಎಲಾಸ್ಟಿಕ್ ಏನ್ ಮಾಡತೈತಿ?

ಸ್ಪ್ರೂಕತ್ತರಿ
0.1 ಮಿ.ಮೀ. ಚಪ್ಪಟೆಯೋ ಗುಂಡೋ ಅಂತ ಭೂತಗನ್ನಡಿ ಹಿಡಿದು ನೋಡೋನಿಗೆ ಕಾಫಿ ಕೊಟ್ಟು ಕಳಿಸಿ ಸಾರ್.

ಸುಮ್ನೆಓದೋಳು
ಇಲ್ಲಿ ಯಾರಾದ್ರೂ ಪುಷ್ಪಕ್ ಕಟ್ಟಿದ್ದಾರಾ? ಎಚ್‌ಎಎಲ್‌ದು. ಟೈಗರ್ ಮಾಥ್ ಎಷ್ಟಾದ್ರೂ ಬ್ರಿಟಿಷರದ್ದು, ನಮ್ಮೂರಲ್ಲೇ ತಯಾರಾದ ಚಿಕ್ಕ ವಿಮಾನ ಇರುವಾಗ...

ಜಕ್ಕೂರುರನ್‌ವೇ
ಕೈಯಲ್ಲಿ ಕಟ್ಟಬೇಕು. ಪುಷ್ಪಕ್ ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಅಕ್ಕಪಕ್ಕ ಎರಡು ಸೀಟು, ಮೇಲ್ರೆಕ್ಕೆ. ರೂಪದಲ್ಲಿ ಅಮೆರಿಕದ ಏರಾಂಕಾ ಚೀಫ್‌ಗೆ ತೀರಾ ಹತ್ತಿರ, ಆದ್ದರಿಂದ ಚೀಫ್ ನಕ್ಷೆ ಇಟ್ಟುಕೊಂಡು ಶುರು ಮಾಡಬಹುದು. ಹರವು ಸುಮಾರು 11 ಮೀಟರ್, 1/72ರಲ್ಲಿ 152 ಮಿ.ಮೀ. ರೆಕ್ಕೆಗೆ 1.5 ಮಿ.ಮೀ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಉಜ್ಜಿ ಆಕಾರಕ್ಕೆ ತನ್ನಿ. ಎಂ-ಸೀಲ್‌ನಲ್ಲಿ ಕೌಲಿಂಗ್ (ಎಂಜಿನ್ ಹೊದಿಕೆ) ಮಾಡಬಹುದು. ರಿಗಿಂಗ್ ತಾಪತ್ರಯ ಇಲ್ಲ, ಎರಡೂ ಕಡೆ ಓರೆ ಕಂಬ ಅಷ್ಟೇ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಪೇಟೆಬೀದಿ
ಕೊನೆಗೆ ಎರಡು ಪ್ರಶ್ನೆ. ವಿಂಡ್‌ಸ್ಕ್ರೀನ್ ಮಂಜಾಗಿದೆ. ಮತ್ತೆ ಪ್ರೊಪೆಲ್ಲರ್‌ಗೆ ಎಡ ಬಲ ಅಂತ ಇದೆಯಾ?

ಅಂಟುಬಾಟ್ಲಿ
ಹಳೇ ವಿಂಡ್‌ಸ್ಕ್ರೀನ್ ಎಸೀರಿ. ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್) ಕತ್ತರಿಸಿ, ಎರಡು ಕಡೆ ಬ್ಲೇಡಿನ ಬೆನ್ನಿಂದ ಗೀರಿ ಮಡಿಸಿದರೆ ಮೂರು ಮುಖದ ಗಾಜು ಸಿದ್ಧ. ಚೌಕಟ್ಟಿನ ಗೆರೆ ಬಣ್ಣ ಹೊಡೆದ ಡೆಕಾಲ್ ಪಟ್ಟಿಯಿಂದ. ಅಂಟಿಸೋದು ಫೆವಿಕಾಲ್‌ನಿಂದ ಮಾತ್ರ. ಫೆವಿಕ್ವಿಕ್ ಹಾಕಿದರೆ ಅದರ ಹೊಗೆಗೇ ಹೊಸ ಗಾಜೂ ಮಂಜಾಗುತ್ತೆ.

ಜಕ್ಕೂರುರನ್‌ವೇ
ಎಡ ಬಲ ಇದೆ, ತುಂಬ ಜನ ನೋಡಲ್ಲ. ಟೈಗರ್ ಮಾಥ್‌ನ ಜಿಪ್ಸಿ ಮೇಜರ್ ಎಂಜಿನ್ ಅಮೆರಿಕದ ಎಂಜಿನ್‌ಗಳಿಗೆ ಉಲ್ಟಾ ತಿರುಗುತ್ತೆ. ವಿಮಾನದ ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಪ್ರೊಪೆಲ್ಲರನ್ನ ನೆಟ್ಟಗೆ ನಿಲ್ಲಿಸಿ ಎದುರಿಂದ ನೋಡಿ, ಮೇಲಿನ ಅಲಗಿನ ಬಲಗಡೆಯ ಅಂಚು ನಿಮಗೆ ಹತ್ತಿರ ಇರಬೇಕು. ಎಡ ಅಂಚು ಹತ್ತಿರ ಇದ್ದರೆ ಅದು ಬೇರೆ ಕಿಟ್‌ನ ಪ್ರೊಪೆಲ್ಲರ್, ಇಲ್ಲವೇ ಅಚ್ಚೇ ತಪ್ಪು. ಆಗ ಅಲಗುಗಳನ್ನ ಬಿಸಿನೀರಲ್ಲಿ ಅದ್ದಿ, ಬುಡದಲ್ಲಿ ಇಕ್ಕಳ ಹಿಡಿದು ಆಚೆ ದಿಕ್ಕಿಗೆ ತಿರುಚಿ.

ಇನ್ನೊಂದು, ಪೈಲಟ್ ಗೊಂಬೆ ಒಂದೇ ಕೂರಿಸೋದಾದ್ರೆ ಹಿಂದಿನ ಸೀಟಿಗೆ. ಟೈಗರ್ ಮಾಥನ್ನ ಒಬ್ಬರೇ ಹಾರಿಸೋದು ಹಿಂದಿನಿಂದ.

ಪೇಟೆಬೀದಿ
ಪ್ರೊಪೆಲ್ಲರ್ ನೋಡಿದೆ, ಬಲ ಅಂಚೇ ಹತ್ತಿರ. ರೆಕ್ಕೆ ಬಿಸಿನೀರಿಗೆ ಹಾಕ್ತಿದ್ದೀನಿ. ಥರ್ಮಾಮೀಟರ್ ಇಲ್ಲದೆ 70-80 ಡಿಗ್ರಿ ಗೊತ್ತಾಗೋದು ಹೇಗೆ?

ವಾಟರ್‌ಪೇಪರ್1000
ಎರಡು ಲೋಟ ಕುದಿಯೋ ನೀರಿಗೆ ಅರ್ಧ ಲೋಟ ತಣ್ಣೀರು ಬೆರೆಸಿ, 80ರ ಆಸುಪಾಸು ಬರುತ್ತೆ. ಸ್ಟೀಲ್ ಪಾತ್ರೆಗೆ ಸುರಿದಾಗ ಇನ್ನೂ ಸ್ವಲ್ಪ ಇಳಿಯುತ್ತೆ. ಕೈ ಹಾಕಿ ನೋಡಬೇಡಿ, ಚಿಮಟದಲ್ಲಿ ಹಿಡಿದು ಅದ್ದಿ.